ಮುಂದಕ್ಕೆ ಬಾಗುವ ಬಾನೆಟ್ಟು

ಕಾರಿನ ಬಾನೆಟ್ ಎತ್ತುವುದರಲ್ಲೂ ಒಂದು ಸೊಬಗಿರಬಹುದು ಎಂದು ನನಗೆ ಕಲಿಸಿದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಬೇರೆ ಕಾರುಗಳಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳ ಮಾತ್ರ ಏಳುತ್ತದೆ. ಹೆರಾಲ್ಡಿನಲ್ಲಿ ಬಾಗಿಲುಗಳ ಮುಂದೆ ಎರಡು ಪಕ್ಕದಲ್ಲೂ ಇರುವ ಕೊಂಡಿಗಳನ್ನು ಬಿಡಿಸಿ, ಗಾಜಿನ ಕಡೆಯ ಅಂಚು ಹಿಡಿದು ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಬಾಗುತ್ತದೆ. ಎಂಜಿನ್ನು, ರೇಡಿಯೇಟರು, ಸ್ಟೇರಿಂಗಿನ ಕೀಲುಗಳು, ಮುಂದಿನ ಎರಡು ಚಕ್ರ, ಅವುಗಳ ಸ್ಪ್ರಿಂಗು ಎಲ್ಲ ಬಟಾಬಯಲು. ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಬೂದು ಬಣ್ಣದ ಹೆರಾಲ್ಡ್ ಗ್ಯಾರೇಜಿಗೆ ಹೋದಾಗಲೆಲ್ಲ ನಾನೂ ಹಿಂದೆ ಬೀಳುತ್ತಿದ್ದೆ. ಅಲ್ಲಿನ ಮೇಸ್ತ್ರಿ ಕಾರಿನ ಮುಂದಿನ ಟೈರಿನ ಮೇಲೇ ಆರಾಮಾಗಿ ಕುಳಿತು, ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂಬಾಸಡರ್ ಬಂದರೆ ಅದೇ ಮನುಷ್ಯ ಸೊಂಟ ಬಗ್ಗಿಸಿ, ತಲೆ ಒಳಗೆ ತೂರಿಸಿ, ಗೊಣಗುತ್ತಾ ಕೆಲಸ ಮಾಡಬೇಕಿತ್ತು.

ಈ ವಿಚಿತ್ರ ರಚನೆಯ ಹಿಂದೆ ಇದ್ದದ್ದು ಒಂದು ಇಕ್ಕಟ್ಟು. 1959ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಹುಟ್ಟಿದ ಕಾರು ಇದು. ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿ ಬಿ.ಎಂ.ಸಿ. ಕೊಂಡುಬಿಟ್ಟಿತ್ತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸಿಕೊಳ್ಳುವ ದಾರಿ ಮುಚ್ಚಿದಾಗ, ತುಂಡುತುಂಡಾಗಿ ಬೇರೆಬೇರೆ ಕಡೆ ಮಾಡಿಸಿ, ಹಳೆಯ ಕಾಲದಂತೆ ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟ್ ಹಾಕಿ ಕೂರಿಸುವುದೆಂದು ತೀರ್ಮಾನಿಸಿದರು. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟ. ಬೋಲ್ಟಿನ ಸಂದುಗಳನ್ನು ಮುಚ್ಚಿಡುವ ಗೋಜಿಗೆ ಹೋಗದೆ ಅವನ್ನೇ ಕಾರಿನ ಅಂದದ ಗೆರೆಗಳಾಗಿ ಮಾಡಿಕೊಂಡ. ಹೆರಾಲ್ಡಿನ ಪಕ್ಕದಲ್ಲಿ ನಿಂತು ಆ ಸಂದುಗಳ ಗುಂಟ ಬೆರಳು ಓಡಿಸಿ ನೋಡಬೇಕು. ನನ್ನ ಮಟ್ಟಿಗೆ ಅದು ಆ ಕಾಲದ ಅತ್ಯಂತ ಪ್ರಾಮಾಣಿಕ ವಿನ್ಯಾಸ.

ಇನ್ನೊಂದು ಸುಖ ಅದರ ತಿರುವು. ಸುಮಾರು 25 ಅಡಿ ಅಗಲ ಸಿಕ್ಕರೆ ಸಾಕು, ಪೂರ್ತಿ ಸುತ್ತು ಹಾಕಿಬಿಡುತ್ತಿತ್ತು. ಅಗ್ರಹಾರದ ಬೀದಿಗಳಲ್ಲಿ ಉಳಿದವರು ಹಿಂದೆ ಮುಂದೆ ಮಾಡಿ ಬೆವರುವಾಗ ದೊಡ್ಡಪ್ಪ ಸ್ಟೇರಿಂಗನ್ನು ಕೊನೆಯವರೆಗೂ ಎಳೆದು ಒಂದೇ ಏಟಿಗೆ ತಿರುಗಿಸಿಕೊಂಡು ಹೊರಡುತ್ತಿದ್ದರು. ಚಕ್ರ ಎಷ್ಟು ಅಡ್ಡ ತಿರುಗುತ್ತಿತ್ತೆಂದರೆ, ಮುರಿದುಹೋಯಿತೇನೋ ಎಂದು ನೋಡಿದವರು ಗಾಬರಿಯಾಗಬೇಕು. ಹಿಂದಿನ ಚಕ್ರಗಳ ವಿಷಯದಲ್ಲಿ ಮಾತ್ರ ಈ ಹೊಗಳಿಕೆ ನಡೆಯದು. ಅಡ್ಡಡ್ಡ ಕಟ್ಟಿದ ಒಂದೇ ಲೀಫ್ ಸ್ಪ್ರಿಂಗಿಗೆ ಜೋತುಬಿದ್ದಂತಿದ್ದ ಅವು ವೇಗದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಒಳಮುಖವಾಗಿ ಮಡಚಿಕೊಳ್ಳುತ್ತಿದ್ದವು. ಘಾಟಿ ಇಳಿಯುವಾಗ ಕೈ ಹುಷಾರಾಗಿರಬೇಕಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಇದನ್ನು ಇಲ್ಲಿ ತಯಾರಿಸಿತು. ಬರಬರುತ್ತಾ ಇಂಗ್ಲೆಂಡಿನಲ್ಲೂ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡನ್ನು ನಮಗೆ ಕೊಟ್ಟಿತು. 1972ರಲ್ಲಿ ಬಂದ ಗೆಜೆಲ್ ಎಂಬ ಕಾರಿನಲ್ಲಿ ಆ ಹಿಂಗಾಲಿನ ರಗಳೆಯನ್ನೇ ತೆಗೆದು ನೇರ ಆಕ್ಸಲ್ ಹಾಕಿತು.

ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ ಕಾರು ಕೂಡ ಇಕ್ಕಟ್ಟಿನ ಕೂಸೇ. ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳಿಗೆ ಸಣ್ಣ ಕಂಪನಿ ಸುರಿಯಲಾರದಷ್ಟು ಬಂಡವಾಳ ಬೇಕು. ಹಾಗಾಗಿ ಫೈಬರ್ ಬಾಡಿ. ಇವರೇ ಮೊದಲು ಬಾದಲ್ ಎಂಬ ಮೂರು ಚಕ್ರದ ಕಾರು ಮಾಡಿದ್ದರು. 1982ರ ಡಾಲ್ಫಿನ್‌ಗೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮೂಲ. ಎರಡೇ ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು, ಹಿಂದಿನ ಚಕ್ರಕ್ಕೆ ಓಟ. ಮೈ ಹಗುರಾದ್ದರಿಂದ ರ‍್ಯಾಲಿಗಳಲ್ಲಿ ಅದು ಹೆಸರು ಮಾಡಿತು. ಬಾಗಿಲು ಮುಚ್ಚಿದರೆ ಉಕ್ಕಿನ ಗಟ್ಟಿ ಸದ್ದು ಬರುತ್ತಿರಲಿಲ್ಲ, ಜನಕ್ಕೆ ಅಷ್ಟೇ ಸಾಕಾಯಿತು, ‘ಪ್ಲಾಸ್ಟಿಕ್ ಕಾರು’ ಎಂದು ಬದಿಗೆ ಸರಿಸಿದರು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಕೇಳುವವರೇ ಇಲ್ಲವಾದರು. ‘ಪ್ಲಾಸ್ಟಿಕ್’ ಎಂದು ಹೀಯಾಳಿಸಿದ್ದು ಅನ್ಯಾಯದ ಮಾತು. ತುಕ್ಕು ತಿಂದ ಎಷ್ಟೋ ಉಕ್ಕಿನ ಕಾರುಗಳನ್ನು ನಾನು ನೋಡಿದ್ದೇನೆ, ಡಾಲ್ಫಿನ್ನಿನ ಮೈ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ.

ಅದೇ ಊರಿನಲ್ಲಿ 2001ರಲ್ಲಿ ಚೇತನ್ ಮೈನಿ ಅವರ ರೇವಾ ಎಂಬ ವಿದ್ಯುತ್ ಕಾರು ರಸ್ತೆಗಿಳಿಯಿತು. ಗೇರಿಲ್ಲ, ಹೊಗೆಯಿಲ್ಲ. ಮುಂದಿನ ಸೀಟಿನ ಕೆಳಗೆ ಭಾರವಾದ ಎಂಟು ಲೆಡ್ ಆಸಿಡ್ ಬ್ಯಾಟರಿ, ಹಿಂದೆ ಮಕ್ಕಳಷ್ಟೇ ಕೂರಬಹುದಾದ ಜಾಗ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿದ ಇದನ್ನು ಟಾಪ್ ಗೇರ್ ಕಾರ್ಯಕ್ರಮ ಗೇಲಿ ಮಾಡಿತು. ಢಿಕ್ಕಿಯಲ್ಲಿ ಅದರ ರಕ್ಷಣೆ ಸಾಲದು ಎಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದರೊಳಗೆ ಕುಳಿತು ಸಿಗ್ನಲ್ ಕಾಯುವಾಗಿನ ನಿಶ್ಶಬ್ದ ಆ ದಿನಗಳಲ್ಲಿ ಬೇರಾವ ಕಾರಿನಲ್ಲೂ ಸಿಗುತ್ತಿರಲಿಲ್ಲ. ಇಂದು ಹಸಿರು ನಂಬರ್ ಪ್ಲೇಟಿನ ಕಾರುಗಳಲ್ಲಿ ಓಡಾಡುವವರು ಆ ಪುಟ್ಟ ಗಾಡಿಯನ್ನು ನೆನೆಯಬೇಕು.

ಹಳೆಯ ಮನೆಯ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ ಇಂಥದೊಂದು ಕಾರು ನಿಮ್ಮಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು. ಹೆರಾಲ್ಡ್‌ಗಳಿಗೆ ಆ ವಯಸ್ಸು ಆಗಲೇ ಆಗಿದೆ. ಡಾಲ್ಫಿನ್‌ಗಳು 2032ರವರೆಗೆ ಕಾಯಬೇಕು. ಅಲ್ಲಿಯವರೆಗೆ ಅವುಗಳ ಕಾಗದಪತ್ರ ಜೋಪಾನವಾಗಿಡಿ, ಆಗಾಗ ಎಂಜಿನ್ ಸ್ಟಾರ್ಟ್ ಮಾಡಿ.