ಪಂಜರದ ಗಿಳಿಯೂ ಅಂಚೆಟ್ಟಿಯ ಘಟ್ಟವೂ

ಹೈದರನು ಖಂಡೇರಾಯನನ್ನು ಗಿಳಿಯಂತೆ ಸಾಕಿದ ಕಥೆಯನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಸೋತ ಪ್ರಧಾನನಿಗಾಗಿ ಅರಮನೆಯವರು ಪ್ರಾಣಭಿಕ್ಷೆಯನ್ನು ಬೇಡಿದರಂತೆ. ಗೆದ್ದವನು ಅವನನ್ನು ಗಿಳಿಯಂತೆ ಸಾಕುವೆನೆಂದು ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನವನ್ನಿಕ್ಕಿದನಂತೆ. ಕಥೆ ಚಿಕ್ಕದು, ಕ್ರೂರವಾದುದು, ಒಮ್ಮೆ ಕೇಳಿದರೆ ಮರೆಯಲಾಗದುದು. ಆದುದರಿಂದಲೇ ಮಕ್ಕಳಿಗೆ ಹೇಳುವವರೂ ಗ್ರಂಥಗಳನ್ನು ಬರೆಯುವವರೂ ಅದರ ಕಡೆಗೇ ಧಾವಿಸುವರು. ಈ ಕಥೆಯು ನುಂಗಿಕೊಂಡಿರುವ ಮತ್ತೊಂದು ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ನನ್ನ ಅಪೇಕ್ಷೆ. 1760-61ರಲ್ಲಿ ಮೈಸೂರಿನವರು ಮೈಸೂರಿನವರೊಡನೆ ಹೂಡಿದ ಅಂತಃಕಲಹದ ಗತಿಯು ನಿಂತಿದ್ದುದು ಅಂಚೆಟ್ಟಿಯ ಘಟ್ಟದ ದಾರಿಯಲ್ಲಿ.

ನಡೆದುದು ಇಷ್ಟು. ಹೈದರನ ಬಳಿಯಲ್ಲಿ ಲೆಕ್ಕ ಬರೆಯುತ್ತಿದ್ದು ಮೇಲೆ ಬಂದ ಖಂಡೇರಾಯನು ರಾಜಮಾತೆ ದೇವಾಜಮ್ಮಣ್ಣಿಯವರ ಪಕ್ಷವನ್ನು ಹಿಡಿದು, 1760ನೆಯ ಆಗಸ್ಟ್ 12ರಂದು ಶ್ರೀರಂಗಪಟ್ಟಣದ ಕೋಟೆಯಿಂದ ಹೈದರನ ಬೀಡಿನ ಮೇಲೆ ಫಿರಂಗಿಗಳನ್ನು ಹಾರಿಸಿದನು. ಹೆಂಡಿರು ಮಕ್ಕಳನ್ನೂ ಬೊಕ್ಕಸವನ್ನೂ ಬಿಟ್ಟು ಹೈದರನು ಆ ರಾತ್ರಿಯೇ ಹೊಳೆ ದಾಟಿ ಆನೇಕಲ್ಲಿಗೂ ಅಲ್ಲಿಂದ ಬೆಂಗಳೂರಿಗೂ ಬಂದನು. ಬೆಂಗಳೂರಿನ ಕಿಲ್ಲೇದಾರ ಕಬೀರ್ ಬೇಗನು ಬಾಗಿಲು ತೆರೆಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಎರಡು ಪಕ್ಷದವರೂ ಇಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನೇ ಹೇಳಿಕೊಂಡು ಕಾದಿದರೆಂಬುದನ್ನು ಇಲ್ಲಿ ಮರೆಯಲಾಗದು.

ಕೆಂಗೇರಿಯ ದಾರಿಯಲ್ಲಿ ಮೈಸೂರಿಗೆ ಹೋಗಿಬರುವ ನಮಗೆ ಹೈದರನ ಕಾಲದ ಯುದ್ಧವೆಂದರೆ ಪಟ್ಟಣದ ಕೋಟೆಯೇ ಕಣ್ಣಿಗೆ ಕಟ್ಟುವುದು. ಆದರೆ ಆಗ ಹೈದರನ ನೋಟವು ಪೂರ್ವ ದಕ್ಷಿಣಗಳ ಕಡೆಗಿದ್ದಿತು. ಅವನ ನುರಿತ ದಂಡು ಮಖ್ದೂಮ್ ಅಲಿಯ ಕೈಕೆಳಗೆ ಘಟ್ಟದ ಕೆಳಗಿನ ಸೀಮೆಯಲ್ಲಿ, ಪುದುಚ್ಚೇರಿಯ ಫ್ರೆಂಚರ ನೆರವಿಗೆ ಹೋಗಿದ್ದಿತು. ಕರೆ ಬಂದ ಕೂಡಲೆ ಮಖ್ದೂಮನು ಹೊರಟನು; ಆದರೆ ಬಾರಾಮಹಲಿನಿಂದ ಮೇಲಿನ ಸೀಮೆಗೆ ಏರಬೇಕಾದರೆ ಘಟ್ಟವನ್ನು ಹತ್ತದೆ ಗತಿಯಿಲ್ಲ. ಖಂಡೇರಾಯನು ಇದನ್ನು ಚೆನ್ನಾಗಿ ಬಲ್ಲವನು. ಅವನು ಕರೆಸಿಕೊಂಡಿದ್ದ ವಿಸಾಜಿಪಂತನ ಮರಾಠಾ ಕುದುರೆ ದಂಡು ಮಖ್ದೂಮನನ್ನು ಅಂಚೆಟ್ಟಿಯ ದುರ್ಗದ ಬಳಿಯಲ್ಲಿ ಮುತ್ತಿ ನಿಲ್ಲಿಸಿತು. ಈ ಸ್ಥಳವು ಡೆಂಕಣಿಕೋಟೆಯ ಆಚೆಗೆ, ಈಗಿನ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಕನ್ನಡದ ಮನೆಮಾತು ಅಲ್ಲಿ ಇನ್ನೂ ಅಳಿದಿಲ್ಲ. ದಂಡಿಗೆ ದಾರಿ ಬಿಡಿಸಲೆಂದು ಹೈದರನು ಫಜಲುಲ್ಲಾ ಖಾನನನ್ನು ಕಳುಹಿಸಿದನು. ಆ ಯತ್ನವು ಮುರಿದುಬಿದ್ದಿತು. ಮೇಲೆ ಕೂತವನಿಗೆ ದಂಡಿಲ್ಲ, ಕೆಳಗಿನ ದಂಡಿಗೆ ದಾರಿಯಿಲ್ಲ. ಹೈದರನು ತನ್ನ ಆಯುಷ್ಯದಲ್ಲಿ ಇದಕ್ಕಿಂತ ಇಕ್ಕಟ್ಟಿನಲ್ಲಿ ಸಿಕ್ಕಿದ್ದುದು ಕಾಣದು.

ಅಷ್ಟರಲ್ಲಿ ಮರಾಠರು ತಾವಾಗಿಯೇ ಸಂಧಿಗೆ ಒಪ್ಪಿದರು. ಬಾರಾಮಹಲನ್ನೂ 3 ಲಕ್ಷ ರೂಪಾಯಿಗಳನ್ನೂ ಕೊಡುವೆನೆಂಬ ಮಾತಿನ ಮೇಲೆ ಅವರು ಘಟ್ಟವನ್ನು ತೆರವು ಮಾಡಿ ಹೊರಟುಹೋದರು. ಉತ್ತರದಲ್ಲಿ ಅವರ ರಾಜ್ಯಕ್ಕೆ ಒದಗಿದ ಆಪತ್ತೇ ಇದಕ್ಕೆ ಕಾರಣವೆಂದು ಚರಿತ್ರಕಾರರ ಮತ. ಪಾನಿಪತ್ತಿನ ಯುದ್ಧವು 1761ನೆಯ ಜನವರಿ 14ರಂದು. ಮಖ್ದೂಮನು ಬಿಟ್ಟುಬಂದ ಪುದುಚ್ಚೇರಿಯು ಇಂಗ್ಲಿಷರ ಕೈಸೇರಿದುದು ಅದೇ ತಿಂಗಳ 16ರಂದು. ಮೈಸೂರಿನ ಮನೆಜಗಳಕ್ಕೆ ಲೋಕದ ಎಷ್ಟು ದಾರಗಳು ಸುತ್ತಿಕೊಂಡಿದ್ದುವು ನೋಡಿ!

ಇನ್ನು ಗ್ರಂಥಗಳ ಮಾತು. ಕಿರ್ಮಾನಿಯ ಪಾರಸಿ ಚರಿತ್ರೆಯು ಹೈದರನ ಕೀರ್ತಿಗಾಗಿ ಹುಟ್ಟಿದುದು; ಅದರಲ್ಲಿ ಖಂಡೇರಾಯನಿಗೆ ನ್ಯಾಯವನ್ನು ಹುಡುಕುವುದು ವ್ಯರ್ಥ. ವಿಲ್ಕ್ಸನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ದಂಡಾಳು. 1810ರಲ್ಲಿ ಹೊರಬಂದ ಅವನ ಮೊದಲ ಸಂಪುಟದಲ್ಲಿ ದಾರಿ ದೂರಗಳ ಲೆಕ್ಕವುಂಟು, ಘಟ್ಟದ ಪ್ರಸ್ತಾಪವೂ ಉಂಟು. ಆದರೂ ಅವನ ಲೇಖನಿಗೆ ಚೇತನ ಬರುವುದು ಹೈದರನ ಪಲಾಯನ, ಉಪಾಯ, ಪಂಜರ ಇವುಗಳಲ್ಲಿ. ಹಯವದನರಾಯರು 1943ರಿಂದ ಹೊರತಂದ ಸಂಪುಟಗಳಲ್ಲಿ ಆಧಾರಗಳನ್ನೆಲ್ಲ ಕಲೆಹಾಕಿ ಮಹೋಪಕಾರ ಮಾಡಿದರು. ಅವು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾತ್ರ ಬಲ್ಲ ಗೃಹಸ್ಥರಿಗೆ ಉಳಿಯುವುದು ಮತ್ತೆ ಆ ಗಿಳಿಯೇ. ವ್ಯಕ್ತಿಗಳ ಗುಣದೋಷಗಳಿಂದಲೇ ಯುದ್ಧವನ್ನು ವಿವರಿಸುವ ಈ ಕ್ರಮವು ನಾಟಕಕ್ಕೆ ಒಪ್ಪುವುದು, ಚರಿತ್ರೆಗೆ ಸಾಲದು.

ಹಾಗೆಂದು ಘಟ್ಟ ತೆರೆದ ಮಾತ್ರಕ್ಕೆ ಹೈದರನು ಗೆದ್ದನೆನ್ನಲಾಗದು. ದಂಡು ಕೂಡಿದ ಮೇಲೂ ನಂಜನಗೂಡಿನ ಬಳಿ ಖಂಡೇರಾಯನು ಅವನನ್ನು ಸೋಲಿಸಿದನು. ಆಗ ಹೈದರನು ತಾನೇ ಮೂಲೆಗೊತ್ತಿದ್ದ ಕಳಲೆ ನಂಜರಾಜಯ್ಯನ ಬಾಗಿಲಿಗೆ ಹೋಗಿ ಮೊರೆಯಿಟ್ಟನು. ಆಮೇಲೆ ನಂಜರಾಜಯ್ಯನ ಮುದ್ರೆಯಿದ್ದ ಕೃತ್ರಿಮ ಪತ್ರಗಳನ್ನು ಎದುರಾಳಿಯ ಸರದಾರರ ಹೆಸರಿಗೆ ಬರೆಸಿ ಖಂಡೇರಾಯನ ಕೈಗೆ ಸಿಕ್ಕುವಂತೆ ಮಾಡಿದನು. ತನ್ನವರೇ ತನ್ನನ್ನು ಮಾರಿದರೆಂದು ನಂಬಿ ಖಂಡೇರಾಯನು ದಂಡನ್ನು ಬಿಟ್ಟು ಓಡಿದನು. ಶಿವಭಕ್ತಿಯ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದ ಒಬ್ಬ ಕವಿಯ ಮುದ್ರೆ ಇಂಥ ಬರಹಕ್ಕೆ ಬಿದ್ದುದು ವಿಚಿತ್ರವಲ್ಲವೆ? ಸಾಹಿತ್ಯಚರಿತ್ರೆಯವರು ಈ ಪತ್ರಗಳನ್ನು ಅವನ ಕೃತಿಗಳ ಪಟ್ಟಿಗೆ ಸೇರಿಸದಿರುವುದು ಸರಿಯೇ!

ಖಂಡೇರಾಯನನ್ನು ಸ್ವಾಮಿದ್ರೋಹಿಯೆಂದು ಕರೆಯುವ ವಾಡಿಕೆಯನ್ನೂ ಪರೀಕ್ಷಿಸಬೇಕು. ಅವನಿಗೆ ಅನ್ನವಿಕ್ಕಿದವನು ಹೈದರ್. ಇಬ್ಬರೂ ಉಂಡುದು ಒಡೆಯರ ಅನ್ನ. ಯಾರಿಗೆ ದ್ರೋಹ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಅಂಚೆಟ್ಟಿಯಲ್ಲಿ ಮರಾಠರು ಇನ್ನು ಕೆಲವು ವಾರ ನಿಂತಿದ್ದರೆ ಆ ಶಬ್ದವು ಹೈದರನ ಹೆಸರಿನ ಮುಂದೆ ಬೀಳುತ್ತಿತ್ತು. ಮಾತು ಕೊಟ್ಟ ಬಾರಾಮಹಲನ್ನಂತೂ ಅವನು ಮರಾಠರಿಗೆ ಬಿಟ್ಟುಕೊಡಲೇ ಇಲ್ಲ.