ತುಂಬಿದ ಬಟ್ಟಲು, ನೆನೆಯದ ಎಳೆ: ರೇಡಿಯೊ ದೋಣಿಯ ಬ್ಯಾಟರಿ ಬೆಸುಗೆ

ರೇಡಿಯೊ ನಿಯಂತ್ರಿತ ವೇಗದ ದೋಣಿಯಲ್ಲಿ ಬ್ಯಾಟರಿಯಿಂದ ಸ್ಪೀಡ್ ಕಂಟ್ರೋಲರಿಗೆ ಹರಿಯುವ ಕರೆಂಟು ಆಟಿಕೆಯ ಲೆಕ್ಕದ್ದಲ್ಲ. ನಾಲ್ಕು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ 14.8 ವೋಲ್ಟಿನಲ್ಲಿ 100 ಆಂಪಿಯರ್ ಕೊಟ್ಟರೆ ಸುಮಾರು ಒಂದೂವರೆ ಕಿಲೋವ್ಯಾಟ್ ಶಕ್ತಿ ಎರಡು ಸಣ್ಣ ಪಿನ್ನುಗಳನ್ನು ದಾಟುತ್ತದೆ. ನೆಲದ ಮೇಲಿನ ಕಾರಿಗೆ ಇಳಿಜಾರು ಸಿಗುತ್ತದೆ, ವಿಮಾನ ಮೋಟಾರು ನಿಂತರೂ ತೇಲಿಕೊಂಡು ಇಳಿಯುತ್ತದೆ. ದೋಣಿಯನ್ನು ನೀರು ಒಂದು ಕ್ಷಣವೂ ಸುಮ್ಮನೆ ಬಿಡುವುದಿಲ್ಲ. ಪ್ರೊಪೆಲ್ಲರಿಗೆ ಕೆರೆಯ ಜೊಂಡು ಸುತ್ತಿಕೊಂಡರೆ ಕರೆಂಟು ಒಮ್ಮೆಲೇ ಏರುತ್ತದೆ. ಮೋಟಾರಿಗೆ, ಕಂಟ್ರೋಲರಿಗೆ ನೀರು ಹಾಯಿಸಿ ತಂಪು ಮಾಡುತ್ತಾರೆ; ಮುಚ್ಚಿದ ಒಡಲೊಳಗಿನ ಕನೆಕ್ಟರಿಗೆ ಆ ಭಾಗ್ಯವೂ ಇಲ್ಲ. ಅಲ್ಲಿ ಒಂದು ಮಿಲಿಓಮ್ ರೋಧ ಉಳಿದರೂ 100 ಆಂಪಿಯರಿನಲ್ಲಿ 10 ವ್ಯಾಟ್, 150 ಆಂಪಿಯರಿನಲ್ಲಿ 22.5 ವ್ಯಾಟ್ ಬಿಸಿ ಹುಟ್ಟುತ್ತದೆ.

ಕನೆಕ್ಟರಿನ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಿ ಕೊಳ್ಳುವುದು ಮೊದಲ ಎಡವಟ್ಟು. ಎಕ್ಸ್‌ಟಿ60ರಲ್ಲಿರುವ 60 ಅರೆಗಳಿಗೆಯ ಮಿತಿ. ಸತತವಾಗಿ ಹೊರಬಲ್ಲದ್ದು ಅದರ ಅರ್ಧದಷ್ಟು. ದೊಡ್ಡ ದೋಣಿಗಳಲ್ಲಿ 5.5 ಅಥವಾ 8 ಮಿಲಿಮೀಟರಿನ ಬುಲೆಟ್ ಕನೆಕ್ಟರುಗಳು ರೂಢಿಯಾದದ್ದು ಇದಕ್ಕೇ.

ಈ ಬುಲೆಟ್ಟುಗಳಿಗೆ ತಂತಿ ಬೆಸೆಯುವ ಒಂದು ಕ್ರಮಕ್ಕೆ ಬಂದಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ಬುಲೆಟ್ಟನ್ನು ಮರದ ತುಂಡಿನ ರಂಧ್ರದಲ್ಲಿ ನಿಲ್ಲಿಸಿ, ಅದರ ಬಟ್ಟಲಿಗೆ ಸೋಲ್ಡರ್ ಕರಗಿಸಿ ತುಂಬಿ, ತಂತಿಯ ತುದಿಯನ್ನು ಅದರಲ್ಲಿ ಮುಳುಗಿಸಿ, ಐರನ್ ತೆಗೆದು ಕೈ ಅಲುಗದಂತೆ ಹಿಡಿಯುವುದು. ನೋಡಲು ಚೊಕ್ಕಟ: ಬಟ್ಟಲು ತುಂಬಿರುತ್ತದೆ, ಅಂಚು ಹೊಳೆಯುತ್ತದೆ, ಎಳೆದರೆ ಕೀಳುವುದಿಲ್ಲ. ಆದರೆ ಒಳಗೆ ನಡೆಯುವುದು ಬೇರೆ. 10 ಗೇಜಿನ ಸಿಲಿಕೋನ್ ತಂತಿ ಎಂದರೆ 5.26 ಚದರ ಮಿಲಿಮೀಟರ್ ತಾಮ್ರ, ನೂರಾರು ಕೂದಲೆಳೆಗಳ ಕಂತೆ. ಬಿಸಿ ಮಾಡದ ಆ ಕಂತೆ ಕರಗಿದ ಸೋಲ್ಡರಿಗೆ ಇಳಿದೊಡನೆ ಬಿಸಿಯನ್ನೆಲ್ಲ ಹೀರಿ ತನ್ನ ಉದ್ದಕ್ಕೂ ಹರಿಯಬಿಡುತ್ತದೆ. ಹೊರಸುತ್ತಿನ ಎಳೆಗಳು ಸೋಲ್ಡರಿನಲ್ಲಿ ನೆನೆಯುತ್ತವೆ, ನಡುವಿನವು ಹಾಗೇ ಉಳಿಯುತ್ತವೆ. ಅಷ್ಟು ಹೊತ್ತಿಗೆ ಬಟ್ಟಲಲ್ಲಿದ್ದ ರಾಳದ ಫ್ಲಕ್ಸ್ ಹೊಗೆಯಾಗಿ ಹೋಗಿರುವುದರಿಂದ ಎಳೆಗಳ ಮೇಲಿನ ಕಿಲುಬನ್ನು ಬಿಡಿಸಲು ಏನೂ ಉಳಿದಿರುವುದಿಲ್ಲ. ರಿಪೇರಿ ಅಂಗಡಿಯವರು ಡ್ರೈ ಸೋಲ್ಡರ್ ಎನ್ನುವ ದೋಷ ಇದೇ. ಬಟ್ಟಲಿನ ಗೋಡೆ ಅದನ್ನು ಮರೆಮಾಡುತ್ತದೆ. ಈ ಕ್ರಮದ ಅತಿ ದೊಡ್ಡ ಕೊರತೆ ಅದು: ತಪ್ಪಾದಾಗಲೂ ಸರಿಯಾದಂತೆಯೇ ಕಾಣುತ್ತದೆ.

ಸೋಲ್ಡರಿನ ರೋಧವನ್ನೇ ದೂರುವವರೂ ಇದ್ದಾರೆ. ತವರ-ಸೀಸದ ಸೋಲ್ಡರ್ ತಾಮ್ರದ ಒಂಬತ್ತನೇ ಒಂದು ಪಾಲಿನಷ್ಟೇ ವಿದ್ಯುತ್ ಹರಿಸುತ್ತದೆ, ಹಾಗಾಗಿ ಬೆಸುಗೆಯೇ ಕೂಡದು ಎಂಬ ವಾದ ಅವರದು. ಪ್ರಮಾಣ ನಿಜ, ತೀರ್ಮಾನ ನಿಲ್ಲುವುದಿಲ್ಲ. ತಂತಿಯ ತುದಿ ಬಟ್ಟಲಿನ ತಳ ಮುಟ್ಟದೆ, 4 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಉದ್ದದ ಬರೀ ಸೋಲ್ಡರಿನ ಮೂಲಕವೇ ಕರೆಂಟು ಹರಿಯಿತೆಂದು ಇಟ್ಟುಕೊಂಡರೂ ರೋಧ ಸುಮಾರು 0.036 ಮಿಲಿಓಮ್, 100 ಆಂಪಿಯರಿನಲ್ಲಿ ಅರ್ಧ ವ್ಯಾಟಿಗಿಂತ ಕಡಿಮೆ. ತಂತಿಯ ಸುತ್ತಲಿನ ತೆಳು ಪದರದ ರೋಧವಂತೂ ಲೆಕ್ಕಕ್ಕೇ ಇಲ್ಲ. ಕನೆಕ್ಟರನ್ನು ಸುಡುವುದು ನೆನೆಯದ ಎಳೆ, ಒಳಗಿನ ಪೊಳ್ಳು, ಸಡಿಲಾದ ಸ್ಪ್ರಿಂಗ್.

ಸ್ಪ್ರಿಂಗ್ ಸಡಿಲಾಗುವುದಕ್ಕೂ ಬೆಸುಗೆಗೂ ನೇರ ಸಂಬಂಧವಿದೆ. ಮೊಬೈಲು, ರೇಡಿಯೊ ರಿಪೇರಿಗೆ ಒಗ್ಗಿದ 25 ವ್ಯಾಟಿನ ಐರನ್ ಎಲ್ಲ ಕೆಲಸಕ್ಕೂ ಆಗುತ್ತದೆ, ತಾಳ್ಮೆಯೊಂದಿದ್ದರೆ ಸಾಕು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬುಲೆಟ್ಟು ಮತ್ತು ತಂತಿಯ ತುದಿ ಸೇರಿ 6 ಗ್ರಾಂ ಲೋಹ ಎಂದಿಟ್ಟುಕೊಂಡರೆ, ಹೊಸಪೇಟೆಯ ಬೇಸಿಗೆಯ 40 ಡಿಗ್ರಿಯಿಂದ 220 ಡಿಗ್ರಿಗೆ ಏರಿಸಲು 400 ಜೂಲ್‌ಗಿಂತ ಹೆಚ್ಚು ಬೇಕು. ಸಣ್ಣ ಐರನ್ ಒಂದಿಷ್ಟೂ ಸೋರದಂತೆ ಕೊಟ್ಟರೂ ಹದಿನಾರು ಸೆಕೆಂಡು. ತಂತಿ ಹೀರುವುದನ್ನು ಸೇರಿಸಿದರೆ ಅದರ ಹಲವು ಪಟ್ಟು. ಅಷ್ಟೂ ಹೊತ್ತು ಬಿಸಿ ಹಿಂದಕ್ಕೆ ಹರಿದು ಬುಲೆಟ್ಟಿನ ಸ್ಪ್ರಿಂಗ್ ಪಟ್ಟಿಗಳ ಬಿಗಿ ಇಳಿಸುತ್ತದೆ, ಎಕ್ಸ್‌ಟಿ ಮಾದರಿಯಲ್ಲಾದರೆ ನೈಲಾನ್ ಒಡಲನ್ನು ಮೆತ್ತಗಾಗಿಸಿ ಪಿನ್ನು ಓರೆ ಮಾಡುತ್ತದೆ. 15 ಗ್ರಾಂ ತೂಕದ ತಾಮ್ರದ ತುದಿಯಾದರೋ 100 ಡಿಗ್ರಿ ಇಳಿಯುವಷ್ಟರಲ್ಲಿ 575 ಜೂಲ್ ಒಮ್ಮೆಗೇ ಕೊಡುತ್ತದೆ. 80ರಿಂದ 100 ವ್ಯಾಟಿನ ಐರನ್, ಅಗಲವಾದ ಉಳಿಯಾಕಾರದ ದಪ್ಪ ತುದಿ, ಕೆಲವೇ ಸೆಕೆಂಡಿನ ಸ್ಪರ್ಶ: ಹೆಚ್ಚು ಬಿಸಿ ಕೊಡಬಲ್ಲ ಸಾಧನವೇ ಇಲ್ಲಿ ಕನೆಕ್ಟರನ್ನು ಕಡಿಮೆ ಸುಡುತ್ತದೆ. ಪಿನ್ನು ಓರೆಯಾಗದಿರಲು ಬೆಸೆಯುವಾಗ ಎದುರು ಜೋಡಿಯನ್ನು ಸಿಕ್ಕಿಸಿಟ್ಟಿರಬೇಕು.

ಸರಿಯಾದ ಕ್ರಮದಲ್ಲಿ ತಂತಿಗೆ ಮೊದಲ ಸ್ಥಾನ. ಬಿಚ್ಚಿದ ಎಳೆಗಳಿಗೆ ರಾಳದ ಫ್ಲಕ್ಸ್ ಹಚ್ಚಿ, ಕೆಳಗಿನಿಂದ ಬಿಸಿಕೊಟ್ಟು, ಮೇಲಿನಿಂದ ಸೋಲ್ಡರ್ ಮುಟ್ಟಿಸಬೇಕು. ತಾಮ್ರದ ಬಿಸಿಗೇ ಅದು ಕರಗಿ ಕಂತೆಯ ನಡುವಿನವರೆಗೂ ಇಳಿಯಬೇಕು. ಎಳೆಗಳ ಗೆರೆ ಸೋಲ್ಡರಿನಡಿ ಇನ್ನೂ ಕಾಣುತ್ತಿದ್ದರೆ ಹದ ಸರಿಯಿದೆ. ಬಟ್ಟಲಿನ ಒಳಗೋಡೆಗೆ ತೆಳುವಾಗಿ ಸೋಲ್ಡರ್ ಹಚ್ಚಿ, ತಂತಿಯನ್ನು ತಳದವರೆಗೆ ಇಳಿಸಿ, ಎರಡನ್ನೂ ಒಟ್ಟಿಗೆ ಕಾಯಿಸಿ, ಕಡಿಮೆಬಿದ್ದಷ್ಟನ್ನು ಮಾತ್ರ ತುಂಬಬೇಕು. 63/37ರ ಸೋಲ್ಡರ್ 183 ಡಿಗ್ರಿಯಲ್ಲಿ ಒಮ್ಮೆಲೇ ಗಟ್ಟಿಯಾಗುತ್ತದೆ. 60/40 ಸುಮಾರು 190ರಿಂದ 183ರವರೆಗೆ ಅರೆಗಟ್ಟಿಯಾಗಿರುವುದರಿಂದ ಆಗ ಕೈ ಅಲುಗಿದರೆ ಒಳಗೇ ಬಿರುಕು ಬಿಡುತ್ತದೆ. ಹೊಳಪನ್ನೇ ಗುಣದ ಗುರುತೆಂದು ಹಿಡಿಯುವುದೂ ಸಲ್ಲ: ಸೀಸರಹಿತ ಸೋಲ್ಡರ್ ಸರಿಯಾಗಿ ಕೂತಾಗಲೂ ಮಂಕಾಗಿಯೇ ಕಾಣುತ್ತದೆ.

ಫ್ಲಕ್ಸಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ತಾಮ್ರದ ಹಂಡೆಗೆ ಕಲಾಯಿ ಹಾಕುವವರು ನವಸಾಗರ ಬಳಸುತ್ತಾರೆ, ಆದರೆ ಹಂಡೆಯನ್ನು ಉಜ್ಜಿ ತೊಳೆಯಬಹುದು. ತಂತಿಯ ಎಳೆಗಳ ಸಂದಿಗೆ ಇಳಿದ ಆಮ್ಲದ ಪೇಸ್ಟ್ ತೊಳೆದರೂ ಹೋಗದು. ದೋಣಿಯ ತೇವ ಸೇರಿದರೆ ಇನ್ಸುಲೇಷನ್ನಿನ ಅಡಿಯಲ್ಲೇ ತಾಮ್ರ ಹಸಿರುಗಟ್ಟಿ ಸವೆಯುತ್ತದೆ.

ಬೆಸುಗೆಯನ್ನೇ ಬಿಟ್ಟು ಕ್ರಿಂಪ್ ಮಾಡಬೇಕೆನ್ನುವವರ ವಾದಕ್ಕೆ ತೂಕವಿದೆ. ಹಂಪಿಯ ವಿಜಯವಿಠ್ಠಲ ದೇವಸ್ಥಾನಕ್ಕೆ ಪ್ರವಾಸಿಗರನ್ನು ಒಯ್ಯುವಂಥ ಬ್ಯಾಟರಿ ಬಂಡಿಗಳಲ್ಲಿ, ಗಾದಿಗನೂರು–ತೋರಣಗಲ್ಲು ರಸ್ತೆಯ ಅದಿರು ಲಾರಿಗಳಲ್ಲಿ ಬ್ಯಾಟರಿಯ ಕೇಬಲ್ಲಿಗೆ ಸಾಮಾನ್ಯವಾಗಿ ಲಗ್ ಒತ್ತಿ ಬೋಲ್ಟ್ ಬಿಗಿಯುತ್ತಾರೆ, ಬೆಸೆಯುವುದಿಲ್ಲ. ಅಳತೆಗೆ ತಕ್ಕ ಅಚ್ಚಿನಲ್ಲಿ ಒತ್ತಿದ ಲಗ್ಗಿನೊಳಗೆ ತಾಮ್ರ ತಾಮ್ರಕ್ಕೆ ಗಾಳಿಯಾಡದಂತೆ ಅಂಟುತ್ತದೆ. ಕುಲುಕಾಟಕ್ಕೆ ಅದಕ್ಕಿಂತ ತಾಳುವ ಜೋಡಣೆ ಕಡಿಮೆ. ಆದರೆ ಅದನ್ನೇ ಬುಲೆಟ್ಟಿಗೆ ಹೊಂದಿಸಹೊರಟಾಗ ಈ ಪಂಥ ಸೋಲುತ್ತದೆ. ಬೆಸುಗೆಗೆಂದು ಕಡೆದ ಹಿತ್ತಾಳೆಯ ಬಟ್ಟಲು ಲಗ್ಗಿನ ಮೆತ್ತನೆ ತಾಮ್ರದಂತೆ ಬಗ್ಗುವುದಿಲ್ಲ, ಒತ್ತಿದರೆ ಸೀಳುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಅಮುಕಿದ್ದನ್ನು ಕ್ರಿಂಪ್ ಎನ್ನಲಾಗದು. ಎರಡನ್ನೂ ಬೆರೆಸಿ, ಸೋಲ್ಡರ್ ಹಚ್ಚಿದ ತುದಿಯನ್ನು ಲಗ್ಗಿಗೆ ಹಾಕಿ ಒತ್ತುವುದು ಎಲ್ಲಕ್ಕಿಂತ ಕೆಟ್ಟದ್ದು: ಒತ್ತಡದಲ್ಲಿ ಸೋಲ್ಡರ್ ನಿಧಾನವಾಗಿ ಜರುಗಿ ಹಿಡಿತ ಸಡಿಲಾಗುತ್ತದೆ. ಇಂಥದ್ದಕ್ಕೆ ಎರಡು ಪಟ್ಟು ಭದ್ರ ಎಂಬ ಹೊಗಳಿಕೆ ಸಿಗುತ್ತಿರುವುದು ಅಪಾಯದ ಮಾತು.

ಕುಲುಕಾಟದ ಬಗ್ಗೆ ಕ್ರಿಂಪ್‌ನವರಿಂದ ಕಲಿಯುವುದಿದೆ. ಸೋಲ್ಡರ್ ಇನ್ಸುಲೇಷನ್ನಿನಡಿ ಏರಿದಷ್ಟೂ ತಂತಿ ಕಡ್ಡಿಯಂತೆ ಬಿರುಸಾಗುತ್ತದೆ. ಬಿರುಸು ಮುಗಿದು ಮೆದು ಶುರುವಾಗುವಲ್ಲೇ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಬಟ್ಟಲಿನ ಅಂಚಿನಲ್ಲೇ ಸೋಲ್ಡರ್ ನಿಲ್ಲಿಸಿ, ಹೀಟ್ ಶ್ರಿಂಕ್ ತೋಳನ್ನು ತಂತಿಯ ಮೇಲೆ ಉದ್ದಕ್ಕೆ ಬಿಟ್ಟು, ತಂತಿಯನ್ನು ಒಡಲಿಗೆ ಕಟ್ಟಬೇಕು. ಸಂಡೂರಿನ ಅದಿರಿನ ಕೆಂಪು ಧೂಳು ಬೀಳುವ ಕಡೆ ಸ್ಪ್ರಿಂಗ್ ಪಟ್ಟಿಗಳನ್ನೂ ಆಗಾಗ ಒರೆಸಬೇಕು.

ತುಂಬಿದ ಬ್ಯಾಟರಿಯ ತಂತಿಗಳಲ್ಲಿ ಒಂದನ್ನು ಕತ್ತರಿಸಿ ಬೆಸೆದು, ತೋಳು ಮುಚ್ಚಿದ ಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕಬೇಕು. ಎರಡೂ ತುದಿ ತಗುಲಿದರೆ ಬೆಂಕಿ. ಸೀಸದ ಸೋಲ್ಡರ್ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಬೆಸುಗೆಯ ಗುಣ ತೀರ್ಮಾನಿಸಲು ಕಣ್ಣಿಗಿಂತ ಮಲ್ಟಿಮೀಟರ್ ಮೇಲು, ಆದರೂ ಈ ಪರೀಕ್ಷೆಯನ್ನು ಮಾಡುವವರು ವಿರಳ. ಅಗ್ಗದ ಮೀಟರಿನ 200 ಮಿಲಿವೋಲ್ಟ್ ಶ್ರೇಣಿಯೂ 0.1 ಮಿಲಿವೋಲ್ಟನ್ನು ತೋರಿಸುತ್ತದೆ. ತಂತಿಯ ಮೂಲಕ 30 ಆಂಪಿಯರ್ ಹರಿಸಿ, ಒಂದು ಮೊನೆಯನ್ನು ಬೆಸುಗೆಯ ಪಕ್ಕದ ತಾಮ್ರಕ್ಕೂ ಇನ್ನೊಂದನ್ನು ಬುಲೆಟ್ಟಿನ ಲೋಹಕ್ಕೂ ಮುಟ್ಟಿಸಿದಾಗ 3 ಮಿಲಿವೋಲ್ಟ್ ಬಂದರೆ ರೋಧ 0.1 ಮಿಲಿಓಮ್, 30 ಬಂದರೆ ಒಂದು ಮಿಲಿಓಮ್, ಅದನ್ನು ನೀರಿಗೆ ಇಳಿಸುವಂತಿಲ್ಲ. ಧನ, ಋಣ ಎರಡೂ ಬದಿಯ ಅಳತೆ ಹತ್ತಿರ ಹತ್ತಿರ ಇರಬೇಕು. ಕೆಲವು ಓಟಗಳ ನಂತರ ಮತ್ತೆ ಅಳೆದಾಗ ಒಂದು ಬದಿ ಏರಿದ್ದರೆ ಅದಕ್ಕೆ ಮೇಲಿನಿಂದ ಸೋಲ್ಡರ್ ಸುರಿಯಬಾರದು. ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಬುಲೆಟ್ಟಿಗೆ ಮೊದಲಿನಿಂದ ಬೆಸೆಯಬೇಕು.