ಸ್ಪಾರ್ಕಿ ಎದ್ದಿತು, ಬೆಕ್ಕು ಏಳಲಿಲ್ಲ

2012ರ ಶರತ್ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಮಕ್ಕಳ ಭೂತಗಳ ಸಣ್ಣ ಜಾತ್ರೆಯೇ ನೆರೆದಿತ್ತು. ಆಗಸ್ಟ್‌ನಲ್ಲಿ ‘ಪ್ಯಾರಾನಾರ್ಮನ್’ ಬಂತು, ಸೆಪ್ಟೆಂಬರ್ ಕೊನೆಗೆ ‘ಹೋಟೆಲ್ ಟ್ರಾನ್ಸಿಲ್ವೇನಿಯಾ’, ಅದಾದ ಒಂದು ವಾರಕ್ಕೆ, ಅಕ್ಟೋಬರ್ 5ರಂದು, ಟಿಮ್ ಬರ್ಟನ್‌ನ ‘ಫ್ರಾಂಕನ್‌ವೀನಿ’. ಮೊದಲೆರಡು ಬಣ್ಣದವು. ಮೂರನೆಯದು ಪೂರ್ತಿ ಕಪ್ಪು-ಬಿಳುಪು, ಬೊಂಬೆಗಳನ್ನು ಕೈಯಿಂದ ಇಷ್ಟಿಷ್ಟೇ ಸರಿಸಿ ಒಂದೊಂದೇ ಚೌಕಟ್ಟು ಹಿಡಿದು ಮಾಡಿದ ಸ್ಟಾಪ್ ಮೋಷನ್ ಸಿನಿಮಾ, ಅದೂ ಸತ್ತ ನಾಯಿಯೊಂದರ ಕಥೆ. ಬಿಡುಗಡೆಯ ವಾರಾಂತ್ಯ ಅದು ಗಳಿಸಿದ್ದು ಸುಮಾರು 1.14 ಕೋಟಿ ಡಾಲರ್, ಪಟ್ಟಿಯಲ್ಲಿ ಐದನೇ ಸ್ಥಾನ. ಎರಡನೇ ವಾರಕ್ಕೆ ಕಾಲಿಟ್ಟಿದ್ದ ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ ಅದೇ ಮೂರು ದಿನಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ದುಡಿಯಿತು. ಒಟ್ಟು ಲೆಕ್ಕದಲ್ಲಿ ‘ಫ್ರಾಂಕನ್‌ವೀನಿ’ ಜಗತ್ತಿನಾದ್ಯಂತ ಎಂಟು ಕೋಟಿ ಡಾಲರ್ ಆಸುಪಾಸಿಗೆ ನಿಂತಿತು. ಮಾಡಲು ತಗಲಿದ್ದು ನಾಲ್ಕು ಕೋಟಿಗೆ ತುಸು ಕಡಿಮೆ. ಡಿಸ್ನಿಯಂಥ ಕಂಪನಿಗೆ ಅದು ಹೆಮ್ಮೆಪಡುವ ಲೆಕ್ಕವಲ್ಲ. ವಿಮರ್ಶಕರು ಮಾತ್ರ ಬಹುಪಾಲು ಮೆಚ್ಚಿದ್ದರು. ಆ ವರ್ಷದ ಆಸ್ಕರ್ ಪಟ್ಟಿಯಲ್ಲೂ ಅದರ ಹೆಸರಿತ್ತು, ಪ್ರಶಸ್ತಿ ‘ಬ್ರೇವ್’ಗೆ ಹೋಯಿತು.

ಸಿನಿಮಾ ಏಕೆ ಜನರಿಗೆ ಹತ್ತಲಿಲ್ಲ ಎನ್ನುವುದಕ್ಕೆ ಆಗಿನಿಂದ ಈಗಿನವರೆಗೆ ಕೇಳಿಬರುವ ಮಾತುಗಳು ಮೂರು ನಾಲ್ಕು. ಈಗಿನ ಮಕ್ಕಳು ಕಪ್ಪು-ಬಿಳುಪು ನೋಡುವುದಿಲ್ಲ. ಮಕ್ಕಳಿಗೆ ತೀರಾ ಭಯಾನಕ, ದೊಡ್ಡವರಿಗೆ ತೀರಾ ಮಕ್ಕಳಾಟ. ನಾಯಿ ಸಾಯುವ ಸಿನಿಮಾಕ್ಕೆ ಮಗುವನ್ನು ಕರೆದುಕೊಂಡು ಹೋಗುವುದು ಹೇಗೆ? ಇವುಗಳ ಜೊತೆ ಇನ್ನೊಂದು ದೂರೂ ಇದೆ, ಅದನ್ನು ಹೇಳುವವರು ಸಿನಿಮಾವನ್ನು ಕೊನೆಯವರೆಗೆ ಪ್ರೀತಿಯಿಂದ ನೋಡಿದವರು: ಸಾವನ್ನು ಒಪ್ಪಿಕೊಳ್ಳುವುದು ಹೇಗೆಂದು ಒಂದೂವರೆ ಗಂಟೆ ಹೇಳಿಕೊಟ್ಟು, ಕೊನೆಯ ನಿಮಿಷದಲ್ಲಿ ಮಾತು ತಪ್ಪಿದ ಸಿನಿಮಾ ಇದು ಎಂದು ಅವರು ಬೇಸರಪಡುತ್ತಾರೆ. ಮೊದಲಿನ ದೂರುಗಳಲ್ಲಿ ನನಗೆ ನಂಬಿಕೆಯಿಲ್ಲ. ಈ ಕೊನೆಯದು ಮಾತ್ರ ಬಹಳ ದಿನ ತಲೆಯಲ್ಲಿ ಕೊರೆಯುತ್ತಿತ್ತು.

ಕಥೆ ಇಷ್ಟು. ನ್ಯೂ ಹಾಲೆಂಡ್ ಎಂಬ ಊರಿನ ಹುಡುಗ ವಿಕ್ಟರ್‌ಗೆ ಸ್ಪಾರ್ಕಿ ಎಂಬ ನಾಯಿ ಬಿಟ್ಟರೆ ಬೇರೆ ಗೆಳೆಯರಿಲ್ಲ. ಮಗ ನಾಲ್ಕು ಜನರ ಜೊತೆ ಆಡಲಿ ಎಂದು ಅಪ್ಪ ಬೇಸ್‌ಬಾಲ್ ಆಡಲು ಒಪ್ಪಿಸುತ್ತಾನೆ. ವಿಕ್ಟರ್ ಹೊಡೆದ ಚೆಂಡಿನ ಹಿಂದೆ ಓಡಿದ ಸ್ಪಾರ್ಕಿ ಕಾರಿಗೆ ಸಿಕ್ಕಿ ಸಾಯುತ್ತದೆ. ಶಾಲೆಯ ಹೊಸ ವಿಜ್ಞಾನ ಮೇಷ್ಟ್ರು ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಅಲ್ಲಾಡಿಸಿ ತೋರಿಸಿದ್ದೇ ತಡ, ಹುಡುಗ ರಾತ್ರಿ ಸ್ಮಶಾನಕ್ಕೆ ಹೋಗಿ ನಾಯಿಯನ್ನು ಅಗೆದು ತಂದು, ಅಟ್ಟದ ಮೇಲೆ ಸಿಡಿಲಿಗೆ ಒಡ್ಡಿ ಬದುಕಿಸುತ್ತಾನೆ. ಮೇರಿ ಶೆಲ್ಲಿ 1818ರಲ್ಲಿ ಬರೆದ ಕಾದಂಬರಿ, ಅದನ್ನಾಧರಿಸಿ ಜೇಮ್ಸ್ ವೇಲ್ 1931ರಲ್ಲಿ ಮಾಡಿದ ಸಿನಿಮಾ, ಎರಡೂ ಇಲ್ಲಿ ಮಗುವಿನ ಕೋಣೆಗೆ ಇಳಿದು ಬಂದಿವೆ.

ಈ ಕಥೆ ಬರ್ಟನ್‌ಗೆ ಹೊಸದಲ್ಲ. 1984ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ ಡಿಸ್ನಿಯಲ್ಲೇ ಕೆಲಸ ಮಾಡುತ್ತಿದ್ದಾಗ, ಇದೇ ಹೆಸರಿನ ಅರ್ಧ ಗಂಟೆಯ ಕಪ್ಪು-ಬಿಳುಪು ಚಿತ್ರವನ್ನು ನಟರನ್ನೂ ನಿಜವಾದ ನಾಯಿಯನ್ನೂ ಇಟ್ಟುಕೊಂಡು ಮಾಡಿದ್ದ. ‘ಪಿನೋಕಿಯೋ’ ಮರುಬಿಡುಗಡೆಯ ಜೊತೆ ಅದನ್ನು ತೋರಿಸುವ ಯೋಚನೆಯಿತ್ತು. ಪೋಷಕರ ಎಚ್ಚರಿಕೆ ಬೇಕೆಂಬ ಪಿಜಿ ಪ್ರಮಾಣಪತ್ರ ಸಿಕ್ಕಿತು, ಮಕ್ಕಳಿಗೆ ತಕ್ಕದ್ದಲ್ಲವೆಂದು ಅದನ್ನು ಬದಿಗಿಟ್ಟರು. ಬರ್ಟನ್ ಡಿಸ್ನಿಯಿಂದ ಹೊರಬಿದ್ದ. ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಪಿನೋಕಿಯೋ’ದಲ್ಲಿ ಹುಡುಗರು ಮೈತುಂಬ ಕೂದಲು ಬಂದು, ಅಮ್ಮಾ ಎಂದು ಕೂಗುತ್ತಲೇ ಕತ್ತೆಗಳಾಗುತ್ತಾರೆ. ಅವರನ್ನು ಪೆಟ್ಟಿಗೆಗಳಲ್ಲಿ ತುಂಬಿ ಮಾರಲು ಕಳಿಸುತ್ತಾರೆ, ಅವರು ಮತ್ತೆ ಹುಡುಗರಾಗಿದ್ದನ್ನು ಯಾರೂ ತೋರಿಸುವುದಿಲ್ಲ. ಅದಕ್ಕಿಂತ ಭಯಂಕರವಾದದ್ದು ‘ಫ್ರಾಂಕನ್‌ವೀನಿ’ಯ ಎರಡು ರೂಪಗಳಲ್ಲೂ ಇಲ್ಲ. ಹಾಗಾದರೆ ದೊಡ್ಡವರು ಬೆಚ್ಚಿದ್ದು ಯಾವುದಕ್ಕೆ?

ಉತ್ತರ ನನಗೆ ಸಿಕ್ಕಿದ್ದು 2012ರ ಚಿತ್ರದ ಒಂದು ಸಣ್ಣ ಮಾತುಕತೆಯಲ್ಲಿ. ಸ್ಪಾರ್ಕಿಯನ್ನು ಹೂತು ಬಂದ ರಾತ್ರಿ ಅಮ್ಮ ಮಗನನ್ನು ಸಮಾಧಾನ ಮಾಡುತ್ತಾಳೆ. ನಾವು ಪ್ರೀತಿಸಿದವರು ದೂರ ಹೋಗುವುದಿಲ್ಲ, ನಮ್ಮ ಎದೆಯೊಳಗೆ ಬಂದು ಕೂರುತ್ತಾರೆ ಅನ್ನುತ್ತಾಳೆ. ನನಗೆ ಎದೆಯೊಳಗೆ ಬೇಡ, ಇಲ್ಲಿ ನನ್ನ ಪಕ್ಕದಲ್ಲಿ ಬೇಕು ಅನ್ನುತ್ತಾನೆ ವಿಕ್ಟರ್. ಬದುಕಿಸಲು ಸಾಧ್ಯವಿದ್ದಿದ್ದರೆ ಬದುಕಿಸುತ್ತಿದ್ದೆವು ಎಂಬ ಮಾತೂ ಬರುತ್ತದೆ. ಸಾವಿನ ಮನೆಗಳಲ್ಲಿ ನಾವೆಲ್ಲ ಮಕ್ಕಳಿಗೆ ಹೇಳುವಂಥದ್ದೇ. ಹುಡುಗ ಅದನ್ನು ಅಕ್ಷರಶಃ ಹಿಡಿದುಕೊಳ್ಳುತ್ತಾನೆ. ಆಮೇಲೆ ಅಡುಗೆಮನೆಯಲ್ಲೋ ಅಟ್ಟದಲ್ಲೋ ಹೊಲಿಗೆ ಹಾಕಿದ ನಾಯಿ ಬಾಲ ಅಲ್ಲಾಡಿಸುತ್ತ ನಿಂತಿರುವುದು ಕಂಡಾಗ ಅಪ್ಪ-ಅಮ್ಮ ಗಾಬರಿಯಾಗುತ್ತಾರೆ. ನೀವೇ ಹೇಳಿದ್ದಿರಲ್ಲ ಎಂದು ಮಗ ಕೇಳುತ್ತಾನೆ. ಆಗದ ಮಾತು ಅಂದುಕೊಂಡಿದ್ದಾಗ ಹೇಳುವುದು ಸುಲಭವಾಗಿತ್ತು ಎಂಬರ್ಥದಲ್ಲಿ ಅಪ್ಪ ಉತ್ತರಿಸುತ್ತಾನೆ.

ಇದು ಆ ಸಿನಿಮಾದ ಅತ್ಯಂತ ಪ್ರಾಮಾಣಿಕ ಮಾತು. ಕತ್ತೆಯಾದ ಹುಡುಗರು ತಪ್ಪು ಮಾಡಿದ್ದರು, ಶಾಲೆ ತಪ್ಪಿಸಿದ್ದರು, ಸಿಗಾರ್ ಸೇದಿದ್ದರು. ಅಪ್ಪ-ಅಮ್ಮ ಆ ಭಯವನ್ನು ಮಕ್ಕಳ ಮೇಲೆ ಬಳಸಿಕೊಳ್ಳಬಹುದು. ಸ್ಪಾರ್ಕಿಯ ಕಥೆಯಲ್ಲಿ ತಪ್ಪು ಯಾರದೂ ಅಲ್ಲ, ಇದ್ದರೆ ಬೇಸ್‌ಬಾಲ್‌ಗೆ ತಳ್ಳಿದ ಅಪ್ಪನದು. ಸುಳ್ಳು ಯಾರದೆಂದರೆ ಸಮಾಧಾನ ಹೇಳಿದವರದು. ಪಕ್ಕದ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡ ಪೋಷಕರಿಗೆ ಇರುಸುಮುರುಸಾದದ್ದು ವಿಕ್ಟರ್‌ನ ಸಲಿಕೆಯಿಂದಲ್ಲ, ಈ ಪ್ರಶ್ನೆಯಿಂದ ಎಂದು ನನ್ನ ಊಹೆ. ಮಕ್ಕಳಿಗೆ ಭಯವಾಗುತ್ತದೆ ಎಂದು ನಾವು ಹೇಳುವಾಗ, ಮಕ್ಕಳು ಕೇಳಿಬಿಟ್ಟರೆ ಏನು ಹೇಳುವುದೆಂಬ ಭಯವೂ ಅದರಲ್ಲಿ ಸೇರಿಕೊಂಡಿರುತ್ತದೆ.

ಕಪ್ಪು-ಬಿಳುಪಿನ ದೂರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನನ್ನ ಅಕ್ಕನ ಇಬ್ಬರು ಮಕ್ಕಳ ಜೊತೆ ಕೂತು ಇದನ್ನು ಮನೆಯಲ್ಲಿ ನೋಡಿದಾಗ, ಆರು ವರ್ಷದ ಕಿರಿಯವನು ಶುರುವಿನಲ್ಲಿ ಒಂದೇ ಸಲ “ಟಿವಿ ಕೆಟ್ಟಿದೆಯಾ?” ಎಂದು ಕೇಳಿದ. ಹತ್ತು ನಿಮಿಷಕ್ಕೆ ಬಣ್ಣದ ವಿಷಯ ಮರೆತೇ ಹೋಗಿತ್ತು. ಕಪ್ಪು-ಬಿಳುಪು ಯಾರಿಗೆ ಬೇಡವೆಂದರೆ, ಟಿಕೆಟ್ ಕೊಳ್ಳುವ ಮೊದಲು ಪೋಸ್ಟರ್ ನೋಡಿ ತೀರ್ಮಾನಿಸುವವರಿಗೆ. ಒಳಗೆ ಕೂತವರ ಮೇಲೆ ಅದು ಬೇರೆಯೇ ಕೆಲಸ ಮಾಡುತ್ತದೆ. ಬಣ್ಣವಿದ್ದಿದ್ದರೆ ಸ್ಪಾರ್ಕಿಯ ಹೊಲಿಗೆಗಳು ಗಾಯದಂತೆ ಕಾಣುತ್ತಿದ್ದವು. ಇಲ್ಲಿ ಅವು ಹಳೆಯ ಚೆಂಡಿನ ಹೊಲಿಗೆಯಂತೆ ಕಾಣುತ್ತವೆ. ಖುಷಿಯಿಂದ ಬಾಲ ಅಲ್ಲಾಡಿಸಿ ಆ ಬಾಲವೇ ಕಳಚಿ ಹಾರಿದಾಗ ಕಿರಿಯವನು ಬಿದ್ದು ಬಿದ್ದು ನಕ್ಕ. ಸಾವಿನ ಬಗ್ಗೆ ಮಗು ನಗುವ ಜಾಗ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ.

ಬೊಂಬೆಗಳ ಬಗ್ಗೆಯೂ ಎರಡು ಮಾತು. ದೊಡ್ಡ ದುಂಡು ಕಣ್ಣು, ಕಡ್ಡಿಯಂಥ ಕೈಕಾಲು ಕೆಲವರಿಗೆ ಒಂಥರಾ ಅನ್ನಿಸಿದ್ದು ನಿಜ. ಲಂಡನ್ನಿನ ಥ್ರೀ ಮಿಲ್ಸ್ ಸ್ಟುಡಿಯೋದಲ್ಲಿ ಇನ್ನೂರಕ್ಕೂ ಹೆಚ್ಚು ಬೊಂಬೆಗಳನ್ನು ಇಟ್ಟುಕೊಂಡು ಇದನ್ನು ತೆಗೆದರು. ಪರದೆಯ ಮೇಲಿನ ಒಂದು ಸೆಕೆಂಡಿಗೆ 24 ಚೌಕಟ್ಟು, ವಾರವೆಲ್ಲ ದುಡಿದರೆ ಒಬ್ಬ ಆನಿಮೇಟರ್ ಕೈಗೆ ಕೆಲವೇ ಸೆಕೆಂಡು ಹತ್ತುತ್ತದೆ. ಜೀವವಿಲ್ಲದ ಮೈಯೊಂದನ್ನು ಹಟ ಹಿಡಿದು ಅಲುಗಾಡಿಸುವುದೇ ಈ ಕಸುಬು. ವಿಕ್ಟರ್ ಅಟ್ಟದಲ್ಲಿ ಮಾಡುವುದನ್ನೇ ಅವರು ಸ್ಟುಡಿಯೋದಲ್ಲಿ ಮಾಡುತ್ತಿದ್ದರು. ನಾಯಿ ಮೊದಲು ಕಣ್ಣು ಬಿಡುವಾಗ ಆಗುವ ಪುಳಕ ಕಂಪ್ಯೂಟರಿನ ನಾಯಿಯಿಂದ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಹಾರರ್ ಪ್ರಿಯರು ಈ ಚಿತ್ರವನ್ನು ಮೆಚ್ಚಿದ್ದು ಕೊನೆಯ ಅರ್ಧ ಗಂಟೆಗಾಗಿ. ವಿಕ್ಟರ್‌ನ ಗುಟ್ಟು ಬಯಲಾಗಿ, ಶಾಲೆಯ ಉಳಿದ ಮಕ್ಕಳೂ ವಿಜ್ಞಾನ ಸ್ಪರ್ಧೆಯಲ್ಲಿ ಗೆಲ್ಲುವ ಆಸೆಗೆ ತಮ್ಮ ತಮ್ಮ ಪ್ರಾಣಿಗಳನ್ನು ಎಬ್ಬಿಸುತ್ತಾರೆ. ಆಮೆ ಜಪಾನಿ ಚಿತ್ರಗಳ ಗಮೆರಾದಂತೆ ಬೆಳೆದು ನಿಲ್ಲುತ್ತದೆ, ಹ್ಯಾಮ್‌ಸ್ಟರ್ ಮಮ್ಮಿಯಾಗುತ್ತದೆ. ಯಾವುದು ಯಾವ ಹಳೆಯ ಚಿತ್ರದಿಂದ ಬಂತೆಂದು ಗುರುತು ಹಿಡಿಯುವುದು ಅವರಿಗೆ ಹಬ್ಬ. ನನಗೆ ಸಿನಿಮಾ ಸೊರಗುವುದೇ ಇಲ್ಲಿ. ಅಲ್ಲಿಯವರೆಗೆ ಒಬ್ಬ ಹುಡುಗನ ದುಃಖವನ್ನು ಅಷ್ಟು ಹತ್ತಿರದಿಂದ ಹಿಡಿದಿದ್ದ ಕ್ಯಾಮೆರಾ, ಉಳಿದ ಮಕ್ಕಳನ್ನು ಬರೀ ವೇಷಗಳಂತೆ ನೋಡುತ್ತದೆ. ತೊಷಿಯಾಕಿ ಎಂಬ ಹುಡುಗನಿಗೆ ಕೊಟ್ಟ ಉಚ್ಚಾರಣೆ, ಅವನ ಕುತಂತ್ರ, ಎಲ್ಲವೂ ಅಮೆರಿಕನ್ ಸಿನಿಮಾಗಳು ಏಷ್ಯಾದವರನ್ನು ಗೇಲಿ ಮಾಡಿದ ಹಳೆಯ ಚಾಳಿಯ ಮುಂದುವರಿಕೆ. ಹಳೆಯ ಚಿತ್ರಗಳಿಗೆ ನಮಸ್ಕಾರ ಹಾಕುವಾಗ ಅವುಗಳ ಕೊಳೆಯನ್ನೂ ಹೊತ್ತು ತರಬೇಕಿರಲಿಲ್ಲ.

ಈಗ ಅಂತ್ಯಕ್ಕೆ ಬರುತ್ತೇನೆ. ಊರವರು ಪಂಜು ಹಿಡಿದು ಸ್ಪಾರ್ಕಿಯನ್ನು ಅಟ್ಟಿಸಿಕೊಂಡು ಗಾಳಿಯಂತ್ರದ ಬಳಿ ಬರುತ್ತಾರೆ. 1931ರ ಚಿತ್ರದ ಕೊನೆಯೂ ಅಲ್ಲೇ ಆಗುವುದು. ಗಾಳಿಯಂತ್ರಕ್ಕೆ ಬೆಂಕಿ ಬೀಳುತ್ತದೆ, ಒಳಗೆ ಸಿಕ್ಕಿಕೊಂಡ ವಿಕ್ಟರ್‌ನನ್ನು ಸ್ಪಾರ್ಕಿ ಎಳೆದು ತರುತ್ತದೆ, ತಾನು ಮತ್ತೆ ಸಾಯುತ್ತದೆ. ಕೊಲ್ಲಲು ಬಂದ ಊರವರೇ ತಮ್ಮ ಕಾರುಗಳನ್ನು ತಂದು ಸುತ್ತ ನಿಲ್ಲಿಸಿ, ಬ್ಯಾಟರಿಗಳಿಂದ ತಂತಿ ಎಳೆಯುತ್ತಾರೆ. ಮೊದಲಿಗೆ ನಾಯಿ ಏಳುವುದಿಲ್ಲ. ಪರವಾಗಿಲ್ಲ, ನೀನು ವಾಪಸ್ ಬರಬೇಕೆಂದೇನಿಲ್ಲ ಎಂಬಂತೆ ವಿಕ್ಟರ್ ಅದಕ್ಕೆ ಹೇಳುತ್ತಾನೆ. ಅಮ್ಮನ ಮಾತು ಅವನದೇ ಮಾತಾಗಲು ಒಂದಿಡೀ ಸಿನಿಮಾ ಬೇಕಾಯಿತು. ಅಲ್ಲಿಗೆ ನಿಂತಿದ್ದರೆ! ನಿಲ್ಲುವುದಿಲ್ಲ, ಸ್ಪಾರ್ಕಿ ಬಾಲ ಅಲ್ಲಾಡಿಸುತ್ತದೆ.

ಇದು ಮೋಸ ಎನ್ನುವವರ ಜೊತೆ ನಾನಿದ್ದೇನೆ, ಆದರೆ ಅವರು ಕೊಡುವ ಕಾರಣಕ್ಕಲ್ಲ. ಸತ್ತದ್ದು ಬದುಕಬಾರದೆಂಬ ನಿಯಮ ಕಥೆಗಳಿಗೆ ಇಲ್ಲ. ನಮ್ಮ ಸಾವಿತ್ರಿ ಯಮನ ಬೆನ್ನು ಹತ್ತಿ ಗಂಡನನ್ನು ತಂದಾಗ ಯಾರೂ ಮಕ್ಕಳ ಮನಸ್ಸು ಕೆಡುತ್ತದೆ ಅನ್ನಲಿಲ್ಲ. ಕಾರುಗಳು ಸುತ್ತ ನಿಲ್ಲುವ ಆ ದೃಶ್ಯದಲ್ಲಿ ಒಂದು ದೊಡ್ಡತನವೂ ಇದೆ: ಅಟ್ಟದಲ್ಲಿ ಬಚ್ಚಿಟ್ಟಿದ್ದ ಹುಡುಗನ ದುಃಖ ಊರಿನದಾಗುತ್ತದೆ. ನನ್ನ ತಕರಾರು, ಅಪ್ಪ-ಅಮ್ಮ ಆವತ್ತು ಸುಮ್ಮನೆ ಆಡಿದ್ದ ಮಾತನ್ನು ಸಿನಿಮಾ ನಿಜ ಮಾಡಿ ಅವರನ್ನು ಪಾರುಮಾಡುತ್ತದೆ ಎಂಬುದು. ಅಪ್ಪ ಮಗನ ಪ್ರಶ್ನೆಗೆ ಇನ್ನು ಉತ್ತರ ಹುಡುಕಬೇಕಿಲ್ಲ, ಕಾರಿನ ಬಾನೆಟ್ ಎತ್ತಿದರೆ ಸಾಕು. ಸಭಾಂಗಣದಲ್ಲಿ ಕೂತ ಪೋಷಕರೂ ನಿಟ್ಟುಸಿರು ಬಿಡಬಹುದು, ಮನೆಗೆ ಹೋಗುವ ದಾರಿಯಲ್ಲಿ ಕಷ್ಟದ ಮಾತು ಬರುವುದಿಲ್ಲ.

ಅಂತ್ಯವನ್ನು ಮೆಚ್ಚುವವರು ಮೇಷ್ಟ್ರ ಮಾತನ್ನು ಸಾಕ್ಷಿಗೆ ತರುತ್ತಾರೆ. ಮೊದಲ ಪ್ರಯೋಗದಲ್ಲಿ ನೀನು ಪ್ರೀತಿಯಿಟ್ಟಿದ್ದೆ, ಎರಡನೆಯದರಲ್ಲಿ ಇಡಲಿಲ್ಲ, ಅದಕ್ಕೇ ಫಲ ಬೇರೆಯಾಯಿತು ಎಂದು ಆತ ವಿಕ್ಟರ್‌ಗೆ ಹೇಳಿರುತ್ತಾನೆ. (ಆ ಪಾತ್ರಕ್ಕೆ ದನಿ ಕೊಟ್ಟವರು ಮಾರ್ಟಿನ್ ಲ್ಯಾಂಡೌ. ಊರ ಪೋಷಕರಿಗೆ ನೀವು ದಡ್ಡರು ಎಂದು ಮುಖಕ್ಕೆ ಹೇಳಿ ಕೆಲಸ ಕಳೆದುಕೊಳ್ಳುವ ಆ ಸಭೆಯ ದೃಶ್ಯಕ್ಕಾಗಿಯೇ ಸಿನಿಮಾ ಇನ್ನೊಮ್ಮೆ ನೋಡಬಹುದು.) ಪ್ರೀತಿಯಿದ್ದಲ್ಲಿ ಜೀವ, ಇಲ್ಲದಲ್ಲಿ ರಾಕ್ಷಸ. ಕೇಳಲು ಚೆನ್ನಾಗಿದೆ.

ನಮ್ಮ ಮನೆಯಲ್ಲಿ ಈ ತರ್ಕ ನಿಲ್ಲಲಿಲ್ಲ. ಚಿತ್ರದಲ್ಲಿ ವಿಸ್ಕರ್ಸ್ ಎಂಬ ಬಿಳಿ ಬೆಕ್ಕಿದೆ. ಅದರ ಒಡತಿ ಒಬ್ಬ ವಿಚಿತ್ರ ಹುಡುಗಿ, ಅವಳಿಗೆ ಸಿನಿಮಾ ಹೆಸರನ್ನೂ ಕೊಟ್ಟಿಲ್ಲ, ಬೆಕ್ಕನ್ನು ಮಾತ್ರ ಯಾವಾಗಲೂ ತೋಳಲ್ಲೇ ಇಟ್ಟುಕೊಂಡಿರುತ್ತಾಳೆ. ಬಾವಲಿಯೊಂದರ ಜೊತೆ ಬೆಸೆದುಹೋಗಿ ಬೆಕ್ಕು ರಕ್ಕಸ ಬಾವಲಿಯಾಗುತ್ತದೆ. ಗಾಳಿಯಂತ್ರದಲ್ಲಿ ಉರಿಯುವ ಮರದ ತುಂಡು ಚುಚ್ಚಿ ಸಾಯುತ್ತದೆ. ಸ್ಪಾರ್ಕಿ ಎದ್ದಾಗ ಕಿರಿಯವನು ಚಪ್ಪಾಳೆ ತಟ್ಟಿದ. ಒಂಬತ್ತು ವರ್ಷದ ಅಕ್ಕ ತಟ್ಟಲಿಲ್ಲ.

“ಚಿಕ್ಕಮ್ಮಾ, ಬೆಕ್ಕಿಗೂ ಬ್ಯಾಟರಿ ಹಾಕಬಹುದಿತ್ತಲ್ಲ?”

ಅದು ಕೆಟ್ಟದಾಗಿಬಿಟ್ಟಿತ್ತು ಪುಟ್ಟಿ ಅಂದೆ. ಅದು ಬೇಕಂತ ಆಗಿದ್ದಲ್ಲವಲ್ಲ, ಅಷ್ಟೊತ್ತಿಗೆ ಅದು ಒಂದು ಬಾವಲಿಯನ್ನು ಕಚ್ಚಿಕೊಂಡಿತ್ತು ಅಷ್ಟೇ ಅಂದಳು. ಆ ಹುಡುಗಿಗೆ ಬೆಕ್ಕಿನ ಮೇಲೆ ಪ್ರೀತಿ ಇರಲಿಲ್ಲವಾ ಎಂದೂ ಕೇಳಿದಳು. ನೂರಾರು ಬೊಂಬೆ ಮಾಡಿ, ಎಷ್ಟೋ ತಿಂಗಳು ಒಂದೊಂದೇ ಚೌಕಟ್ಟು ಹಿಡಿದವರು ಆ ಹುಡುಗಿ ತನ್ನ ಬೆಕ್ಕಿಗಾಗಿ ಅಳುವ ಕೆಲವು ಸೆಕೆಂಡುಗಳಿಗೆ ಜಾಗ ಮಾಡಲಿಲ್ಲ. ಆ ರಾತ್ರಿ ಊರಿನ ಅಷ್ಟೂ ಕಾರುಗಳು ಅಲ್ಲೇ ಇದ್ದವು, ಎಂಜಿನ್ ಚಾಲೂ ಇದ್ದವು. ಸ್ಪಾರ್ಕಿ ಪಕ್ಕದ ಮನೆಯ ಪೂಡಲ್‌ನ ಮೂಗಿಗೆ ಮೂಗು ತಾಗಿಸುತ್ತದೆ, ನಡುವೆ ಒಂದು ಕಿಡಿ ಹಾರುತ್ತದೆ, ಪರದೆ ಕಪ್ಪಾಗುತ್ತದೆ. ಹೆಸರುಗಳು ಮೇಲೇರತೊಡಗಿದ ಮೇಲೂ ಅವಳು ಬೆಕ್ಕು ಬರುತ್ತದೇನೋ ಎಂದು ನೋಡುತ್ತ ಕೂತಿದ್ದಳು.